ಮರಕ್ಕೆ ಗೊತ್ತಾಗದ ಹಾಗೆ

ವರ್ಕ್‌ಶಾಪಿನ ಬಡಗಣ ಮೂಲೆ ಮಾತ್ರ ಏನು ಮಾಡಿದರೂ ಬೆಚ್ಚಗಾಗುತ್ತಿರಲಿಲ್ಲ. ನನ್ನ ಕೆಲಸದ ಮೇಜು ಇರುವುದು ಅಲ್ಲೇ, ದೊಡ್ಡ ಶಟರ್ ಬಾಗಿಲಿನ ಪಕ್ಕ. ಬಾಯ್ಲರ್ ಇರುವ ಕಡೆ ನಿಂತರೆ ಬೂಟಿನೊಳಗೆ ಕಾಲು ಬೆವರುತ್ತಿತ್ತು. ಮೇಜಿನ ಬಳಿ ಬಂದರೆ ದಪ್ಪ ಉಣ್ಣೆ ಕಾಲುಚೀಲ ಹಾಕಿದ್ದರೂ ಬೆರಳು ಜೋಮು ಹಿಡಿಯುತ್ತಿತ್ತು. ನಾವಿರುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಮ್ಯಾಡಿಸನ್ ಊರಿನ ಹೊರವಲಯದಲ್ಲಿ. ಇಲ್ಲಿ ಜನವರಿಯಲ್ಲಿ ಮೈನಸ್ 20 ಡಿಗ್ರಿ ಅಂದರೆ ಯಾರೂ ಬೆರಗಾಗುವುದಿಲ್ಲ. 2019ರ ಜನವರಿ ಕೊನೆಯಲ್ಲಿ ಅದು ಮೈನಸ್ 30ರ ಆಸುಪಾಸಿಗೆ ಇಳಿದಿತ್ತು. ಇಂಥ ಚಳಿಯಲ್ಲಿ ಮರಗೆಲಸ ಮಾಡಬೇಕೆಂದರೆ ಶಾಪಿಗೆ ಶಾಖ ಬೇಕೇ ಬೇಕು. ಅದಕ್ಕೇ ನಿವೃತ್ತಿಯಾದ ಮೇಲೆ ಶಾಪ್ ಕಟ್ಟಿಸಿದಾಗ ನೆಲದೊಳಗೇ ಬಿಸಿನೀರಿನ ಪೈಪು ಹಾಕಿಸಿದೆ.

ವ್ಯವಸ್ಥೆ ಹೇಳಲು ಸರಳ. ಶಾಪಿನ ನೆಲ ಸುಮಾರು 80 ಚದರ ಮೀಟರ್. ತಳದಲ್ಲಿ 5 ಸೆಂಟಿಮೀಟರ್ ಫೋಮ್ ಹಲಗೆ, ಅದರ ಮೇಲೆ 10 ಸೆಂಟಿಮೀಟರ್ ಕಾಂಕ್ರೀಟ್. ಆ ಕಾಂಕ್ರೀಟಿನೊಳಗೆ ಒಂದೊಂದು ಅಡಿ ಅಂತರದಲ್ಲಿ ಹಾವಿನಂತೆ ಸುತ್ತಿಕೊಂಡು ಬರುವ ಅರ್ಧ ಇಂಚಿನ ಪೆಕ್ಸ್ ಎಂಬ ಪ್ಲಾಸ್ಟಿಕ್ ಪೈಪು, ಒಟ್ಟು ನಾಲ್ಕು ಸುತ್ತು. ಗೋಡೆಯ ಮೇಲೆ ಒಂದು ಪುಟ್ಟ ಗ್ಯಾಸ್ ಬಾಯ್ಲರ್, ಒಂದು ಪಂಪು, ನಾಲ್ಕು ಸುತ್ತುಗಳಿಗೂ ನೀರು ಹಂಚುವ ಹಿತ್ತಾಳೆಯ ಮ್ಯಾನಿಫೋಲ್ಡ್. ಒಂದೊಂದು ಸುತ್ತಿಗೂ ಒಂದೊಂದು ವಾಲ್ವು. ನಿಮಿಷಕ್ಕೆ ಎಷ್ಟು ಲೀಟರ್ ನೀರು ಹರಿಯುತ್ತಿದೆ ಎಂದು ತೋರಿಸುವ ಬೆರಳುದ್ದದ ಗಾಜಿನ ಮಾಪಕ.

ಅಳವಡಿಸಿದವರು ನಾಲ್ಕೂ ವಾಲ್ವುಗಳನ್ನು ಪೂರ್ತಿ ತೆರೆದು, ಪಂಪನ್ನು ಗರಿಷ್ಠ ವೇಗಕ್ಕಿಟ್ಟು, ನೀರನ್ನು 60 ಡಿಗ್ರಿಗೆ ಹೊಂದಿಸಿ ಹೊರಟುಹೋಗಿದ್ದರು. ಪೈಪು ಸೋರುತ್ತಿಲ್ಲ, ನೆಲ ಬಿಸಿಯಾಗುತ್ತಿದೆ, ಅಲ್ಲಿಗೆ ಅವರ ಕೆಲಸ ಮುಗಿದಿತ್ತು. ಆದರೆ ನೀರಿಗೆ ಹತ್ತಿರದ ದಾರಿಯೇ ಇಷ್ಟ. ಬಾಯ್ಲರ್ ಪಕ್ಕದ ಸುತ್ತು 50 ಮೀಟರ್ ಉದ್ದ, ಬಡಗಣ ಮೂಲೆಯದು 85 ಮೀಟರ್. ಎಲ್ಲ ತೂಬೂ ತೆರೆದಿದ್ದರೆ ಮೇಲಿನ ಗದ್ದೆಗಳು ಕುಡಿದು ಮಿಕ್ಕಿದ್ದಷ್ಟೇ ನಾಲೆಯ ಕೊನೆಯ ರೈತನಿಗೆ. ನನ್ನ ಮೇಜಿನ ಕೆಳಗೂ ಅದೇ ಆಗಿತ್ತು.

ಪೈಪು ಎಲ್ಲೆಲ್ಲಿ ಹಾದುಹೋಗಿದೆ ಅಂತ ಕಣ್ಣಾರೆ ನೋಡುವ ಉಪಾಯ ಒಂದಿದೆ. ನೆಲದ ಮೇಲೆ ತೆಳುವಾಗಿ ನೀರು ಚಿಮುಕಿಸಿ, ಬಾಯ್ಲರ್ ಹಚ್ಚಿ, ಸುಮ್ಮನೆ ಕಾಯಬೇಕು. ಮೊದಮೊದಲು ನೆಲವೆಲ್ಲ ಒಂದೇ ಕಪ್ಪು. ಆಮೇಲೆ ಬಾಯ್ಲರ್ ಕಡೆಯಿಂದ ಮಾಸಲು ಬಿಳಿಯ ಗೆರೆಯೊಂದು ಮೂಡುತ್ತದೆ, ಪೈಪಿನ ನೆತ್ತಿಯ ಮೇಲಿನ ಕಾಂಕ್ರೀಟು ಮೊದಲು ಒಣಗುವುದರಿಂದ. ಗೆರೆ ಮುಂದೆ ಹೋಗಿ, ಗೋಡೆಯ ಹತ್ತಿರ ತಿರುಗಿ, ಅಡಿ ದೂರದಲ್ಲಿ ವಾಪಸು ಬರುತ್ತದೆ. ದಕ್ಷಿಣದ ಎರಡು ಸುತ್ತುಗಳ ಗೆರೆ ಬೇಗ ಬೇಗ ಮೂಡಿ ಒಂದಕ್ಕೊಂದು ಸೇರಿಕೊಂಡವು. ಬಡಗಣದ್ದು ಮೊದಲೆರಡು ತಿರುವಿನವರೆಗೆ ಬಂದು, ಅಲ್ಲಿಂದಾಚೆ ನೆಲ ಒದ್ದೆಯಾಗಿಯೇ ಉಳಿಯಿತು. ತೊಂದರೆ ಎಲ್ಲಿದೆ ಎಂಬ ನಕಾಶೆ ನೆಲದ ಮೇಲೆಯೇ ಬರೆದಂತಿತ್ತು.

ಆ ದಿನ ಸಹಾಯಕ್ಕೆ ಹೀಟಿಂಗ್ ಕೆಲಸದ ಹುಡುಗಿಯೊಬ್ಬಳನ್ನು ಕರೆಸಿದ್ದೆ. ಕೆಲಸ ಚೆನ್ನಾಗಿ ಬಲ್ಲವಳು, ಮೊಬೈಲಿಗೆ ಸಿಕ್ಕಿಸುವ ಶಾಖದ ಕ್ಯಾಮೆರಾ ತಂದಿದ್ದಳು. ಅವಳು ಪೈಪಿಗೆ ಕ್ಲಿಪ್ ಥರ್ಮಾಮೀಟರ್ ಹಚ್ಚುವ ಮೊದಲೇ ನಾನು ಮ್ಯಾನಿಫೋಲ್ಡಿನ ನಾಲ್ಕು ರಿಟರ್ನ್ ಪೈಪುಗಳ ಮೇಲೆ ಒಂದಾದ ಮೇಲೊಂದರಂತೆ ಹಿಂಗೈ ಆನಿಸಿ, ಯಾವುದು ಎಷ್ಟು ತಣ್ಣಗಿದೆ ಎಂದು ಹೇಳಿಬಿಟ್ಟಿದ್ದೆ. ಅವಳ ಅಂಕಿಗಳೂ ಅದೇ ಸಾಲಿನಲ್ಲಿ ಬಂದವು. ಹಿಂಗೈ ಯಾಕೆ, ಯಾರು ಕಲಿಸಿದರು ಎಂದು ಕೇಳಿದಳು. ಒಬ್ಬ ಹಿರಿಯರು ಅಂದೆ. ಅಷ್ಟೇ ಹೇಳಿದ್ದು. ಉಳಿದದ್ದು ಅಂದಿನಿಂದ ತಲೆಯಲ್ಲಿ ಕೂತಿದೆ.

ಅದು 1980ರ ದಶಕದ ಆರಂಭ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ನಾನು ಸೇರಿದ್ದು ಒಂದು ಮರದ ಕಾರ್ಖಾನೆಗೆ. ಘಟ್ಟದ ಕಾಡು ಮುಗಿದು ಬಯಲು ಶುರುವಾಗುವ ಕಡೆಯ ಊರು. ಲಾರಿಗಟ್ಟಲೆ ದಿಮ್ಮಿ ಬರುತ್ತಿತ್ತು: ಮತ್ತಿ, ಹೊನ್ನೆ, ನಂದಿ, ಅಪರೂಪಕ್ಕೆ ಬೀಟೆ. ಮುಂದೆ ಸಾಮಿಲ್ಲು, ಹಿಂದೆ ಬಾಗಿಲು ಕಿಟಕಿ ಮಾಡುವ ವಿಭಾಗ, ಎರಡರ ನಡುವೆ ಹಲಗೆ ಒಣಗಿಸುವ ಸೀಸನಿಂಗ್ ಕಿಲ್ನ್‌ಗಳು. ಕಿಲ್ನ್ ಎಂದರೆ ಲಾರಿ ಹೊಗುವಷ್ಟು ದೊಡ್ಡ ಇಟ್ಟಿಗೆ ಕೋಣೆ. ಒಳಗೆ ಹಲಗೆಗಳನ್ನು ಸಂದು ಬಿಟ್ಟು ಪೇರಿಸುತ್ತಾರೆ. ಗೋಡೆಯುದ್ದಕ್ಕೂ ಹಬೆ ಹರಿಯುವ ಕೊಳವೆ, ಮೇಲೆ ಫ್ಯಾನು, ಬೇಕಾದಾಗ ಒಳಗೆ ತೇವ ಬಿಡಲು ಹಬೆಯ ಸಣ್ಣ ತೂತುಗಳು. ಹಬೆ ಕೊಡುವುದು ಶೆಡ್ಡಿನಾಚೆ ಇದ್ದ ಬಾಯ್ಲರ್. ಸಾಮಿಲ್ಲಿನ ತೊಗಟೆ, ತುಂಡು, ಹೊಟ್ಟೇ ಅದಕ್ಕೆ ಉರುವಲು.

ಬಾಯ್ಲರನ್ನೂ ಕಿಲ್ನ್‌ಗಳನ್ನೂ ನೋಡಿಕೊಳ್ಳುತ್ತಿದ್ದವರನ್ನು ನಾವೆಲ್ಲ ಕಾಕಾ ಅನ್ನುತ್ತಿದ್ದೆವು. ಮಲಬಾರಿನ ಕಡೆಯಿಂದ ಹುಡುಗನಾಗಿದ್ದಾಗಲೇ ಮರದ ಕೆಲಸಕ್ಕೆಂದು ಬಂದವರು. ಕನ್ನಡ ಸೊಗಸಾಗಿ ಆಡುತ್ತಿದ್ದರು, ಸಿಟ್ಟು ಬಂದರೆ ಮಾತ್ರ ಮಲೆಯಾಳ. ನನ್ನನ್ನು ಕೊನೆಯ ದಿನದವರೆಗೂ ಕರೆದದ್ದು ‘ಮೋನೇ’, ಅಂದರೆ ಮಗನೇ, ಎಂದೇ.

ಮತ್ತಿ ಒಣಗಿಸುವುದು ಎಷ್ಟು ಕಷ್ಟ ಎಂದು ಆ ಕೆಲಸ ಮಾಡಿದವರಿಗೇ ಗೊತ್ತು. ಗಟ್ಟಿ ಮರ, ಒಳಗಿನ ನೀರು ಹೊರಗೆ ಬರಲು ಒಪ್ಪುವುದಿಲ್ಲ. ಶಾಖ ಜೋರು ಮಾಡಿದರೆ ಹಲಗೆಯ ಮೈ ಬೇಗ ಒಣಗಿ ಬಿಗಿದುಕೊಳ್ಳುತ್ತದೆ, ಒಡಲು ಹಸಿಯಾಗಿಯೇ ಇರುತ್ತದೆ. ಆಗ ಮೇಲ್ಮೈ ಬಿರಿಯುತ್ತದೆ. ಬಿರಿಯದೆ ಉಳಿದ ಹಲಗೆಯೂ ಗರಗಸಕ್ಕೆ ಸಿಕ್ಕಿದೊಡನೆ ಒಳಗಿನ ಬಿಗಿ ಸಡಿಲಾಗಿ ಬಿಲ್ಲಿನ ಹಾಗೆ ಬಾಗುತ್ತದೆ. ಹಾಗಾಗಿ ಮೊದಲ ದಿನಗಳಲ್ಲಿ ಶಾಖ ಕಡಿಮೆ, ಗಾಳಿಯಲ್ಲಿ ತೇವ ಹೆಚ್ಚು. ಮರ ನೀರು ಬಿಟ್ಟುಕೊಡುತ್ತ ಹೋದಂತೆ ಒಂದಿಷ್ಟು ಶಾಖ ಏರಿಸಿ, ಒಂದಿಷ್ಟು ತೇವ ಇಳಿಸಬೇಕು. ವಾರಗಟ್ಟಲೆ ಇದೇ ಕೆಲಸ. ನನ್ನಂಥ ಹುಡುಗನಿಗೆ ಅದು ಸಹಿಸಲಾಗದ ನಿಧಾನ. ಮೇಲಿನವರು ಆರ್ಡರ್ ತಡವಾಗುತ್ತಿದೆ ಎಂದು ದಿನಾ ಕೂಗುತ್ತಿದ್ದರು. ವಾಲ್ವು ಇನ್ನೊಂದು ಸುತ್ತು ತಿರುಗಿಸೋಣವಾ ಎಂದು ನಾನು ಕಾಕಾನನ್ನು ಕೇಳಿದರೆ ಒಂದೇ ಉತ್ತರ: “ಬೇಡ ಮೋನೇ. ನೀರು ಹೋದದ್ದು ಮರಕ್ಕೆ ಗೊತ್ತಾಗಬಾರದು.”

ಇಲ್ಲಿ ಶಾಪಿನ ನೆಲವನ್ನು ಹದಕ್ಕೆ ತರಲು ಕೂತಾಗ ನನ್ನ ಕೈಯನ್ನು ತಡೆದದ್ದು ಆ ಮಾತೇ. ನೆಲದೊಳಗಿನ ಶಾಖವೂ ಅಂಥದ್ದೇ ನಿಧಾನದ ಪದಾರ್ಥ. ನನ್ನ ನೆಲದ ಕಾಂಕ್ರೀಟು ಸುಮಾರು 19 ಟನ್ ತೂಗುತ್ತದೆ. ಅದನ್ನು ಒಂದೇ ಒಂದು ಡಿಗ್ರಿ ಏರಿಸಲು ಹತ್ತಿರ ಹತ್ತಿರ 5 ಯೂನಿಟ್ ಶಕ್ತಿ ಬೇಕು. ಬೆಳಿಗ್ಗೆ ತಿರುಗಿಸಿದ ವಾಲ್ವಿನ ಫಲ ಸಂಜೆಗೆ ಒಂದಿಷ್ಟು ಕಂಡೀತು, ಪೂರ್ತಿ ಕಾಣುವುದು ಮಾರನೆಯ ದಿನ. ಅಲ್ಲಿಯವರೆಗೆ ಕಾಯದೆ ಮತ್ತೆ ತಿರುಗಿಸಿದರೆ ಹಿಂದಿನ ಬದಲಾವಣೆಯ ಫಲ ಯಾವುದು, ಇಂದಿನದು ಯಾವುದು ಎಂದು ತಿಳಿಯುವುದೇ ಇಲ್ಲ.

ಮೊದಲು ಗಾಳಿ ತೆಗೆದೆವು. ಪೈಪಿನೊಳಗೆ ಎಲ್ಲೋ ಒಂದು ಗಾಳಿಗುಳ್ಳೆ ಕೂತರೆ ಆ ಸುತ್ತಿನಲ್ಲಿ ನೀರು ಓಡುವುದಿಲ್ಲ, ವಾಲ್ವು ಎಷ್ಟು ತೆರೆದರೂ ಅಷ್ಟೆ. ಮೂರು ಸುತ್ತು ಮುಚ್ಚಿ, ಒಂದನ್ನೇ ತೆರೆದು, ರಭಸದಿಂದ ನೀರು ಬಿಟ್ಟು, ಬಕೆಟ್ಟಿನೊಳಗೆ ಗುಳುಗುಳು ಸದ್ದು ನಿಲ್ಲುವವರೆಗೆ ಹರಿಸುವುದು. ಹಾಗೆ ಒಂದೊಂದಾಗಿ ನಾಲ್ಕನ್ನೂ. ಬಡಗಣದ ಸುತ್ತಿನಿಂದ ಬಂದ ಗಾಳಿಗೆ ಬಕೆಟ್ಟಿನ ನೀರು ಕುದಿಯುವ ಹಾಗೆ ಕಂಡಿತು. ನಂತರ ಹತ್ತಿರದ ಸುತ್ತುಗಳ ವಾಲ್ವು ಸ್ವಲ್ಪ ಸ್ವಲ್ಪ ಮುಚ್ಚುತ್ತ ಬಂದೆವು. ಬಡಗಣದ್ದನ್ನು ಪೂರ್ತಿ ತೆರೆದೇ ಬಿಟ್ಟೆವು. ನಾಲ್ಕೂ ಸುತ್ತಿನಲ್ಲಿ ಹೋಗುವ ನೀರಿಗೂ ಮರಳುವ ನೀರಿಗೂ ನಡುವೆ 6 ಡಿಗ್ರಿಯ ಆಸುಪಾಸು ಅಂತರ ಬರಬೇಕು, ಅದು ಗುರಿ. ನಿಮಿಷಕ್ಕೆ ಒಂದು ಲೀಟರ್ ನೀರು ಒಂದು ಡಿಗ್ರಿ ತಣ್ಣಗಾದರೆ ಸುಮಾರು 70 ವ್ಯಾಟ್ ಶಾಖ ನೆಲಕ್ಕೆ ಇಳಿಯಿತು ಎಂದು ಲೆಕ್ಕ. ಒಂದು ಸುತ್ತಿಗೆ 3 ಲೀಟರ್, 6 ಡಿಗ್ರಿ ಎಂದರೆ 1,260 ವ್ಯಾಟ್. ನಾಲ್ಕು ಸೇರಿದರೆ 5 ಕಿಲೊವ್ಯಾಟ್. ಹೊರಗೆ ಮೈನಸ್ 20 ಇದ್ದರೂ ಶಾಪನ್ನು 16 ಡಿಗ್ರಿಯಲ್ಲಿ ಇಡಲು ನನಗೆ ಅಷ್ಟು ಸಾಕು. ಮೈಮುರಿದು ದುಡಿಯುವ ಜಾಗಕ್ಕೆ 16 ಹಿತವಾದ ಅಂಕಿ. ಮನೆಯ ಹಾಲಿನ ಹಾಗೆ 21 ಇಟ್ಟರೆ ತೋಪಡ ಹಿಡಿದು ಹತ್ತು ನಿಮಿಷಕ್ಕೆ ಬೆವರು ಹಲಗೆಯ ಮೇಲೆ ಬೀಳುತ್ತದೆ.

ಹಾಗೆ ಹಂಚಿಕೆ ಸರಿಹೋದ ಮೇಲೆ ನೀರಿನ ಶಾಖ ಇಳಿಸುತ್ತ ಬಂದೆ. 60 ಡಿಗ್ರಿ ಯಾರಿಗೆ ಬೇಕಿತ್ತು? ಕಡು ಚಳಿಯಲ್ಲಿ 35 ಸಾಕು, ಹೊರಗೆ ಸೊನ್ನೆ ಡಿಗ್ರಿ ಇದ್ದಾಗ 26 ಸಾಕು. ಈಗ ಹೊರಗೋಡೆಯ ಮೇಲಿನ ಸಣ್ಣ ಸೆನ್ಸರ್ ಚಳಿ ನೋಡಿ ಬಾಯ್ಲರಿಗೆ ಹೇಳುತ್ತದೆ, ಬಾಯ್ಲರ್ ಅದಕ್ಕೆ ತಕ್ಕಂತೆ ನೀರು ಕಾಯಿಸುತ್ತದೆ. ಮರಳಿ ಬರುವ ನೀರು 55 ಡಿಗ್ರಿಗಿಂತ ಚೆನ್ನಾಗಿ ಕೆಳಗಿದ್ದರೆ ಕಂಡೆನ್ಸಿಂಗ್ ಜಾತಿಯ ಈ ಬಾಯ್ಲರಿನಲ್ಲಿ ಇನ್ನೊಂದು ಲಾಭ. ಹೊಗೆಯೊಳಗಿನ ಆವಿ ಅಲ್ಲೇ ನೀರಾಗಿ, ತನ್ನಲ್ಲಿ ಅಡಗಿದ್ದ ಶಾಖವನ್ನೂ ಬಿಟ್ಟುಕೊಟ್ಟು ಹೋಗುತ್ತದೆ. ಕೊಳವೆಯ ತುದಿಯಿಂದ ಹನಿಹನಿಯಾಗಿ ನೀರು ಇಳಿಯುವುದನ್ನು ಕಂಡರೆ ನನಗೆ ಸಮಾಧಾನ. ಆ ಒಂದೊಂದು ಹನಿಯೂ ಆಕಾಶಕ್ಕೆ ಹೋಗದೆ ಉಳಿದ ಶಾಖದ ಸಾಕ್ಷಿ.

ಬರುವ ಸ್ನೇಹಿತರು ಬೂಟು ಬಿಚ್ಚಿ ನಿಂತು, ನೆಲ ಬಿಸಿಯೇ ಇಲ್ಲವಲ್ಲ ಎನ್ನುತ್ತಾರೆ. ಚೆನ್ನಾಗಿ ಹೊಂದಿಸಿದ ನೆಲ ಕಾಲಿಗೆ ಬಿಸಿ ಅನ್ನಿಸಬಾರದು. ಶಾಪು 16 ಡಿಗ್ರಿ, ನೆಲದ ಮೈ 22. ನಮ್ಮ ಪಾದದ ಚರ್ಮ ಅದಕ್ಕಿಂತ ಬೆಚ್ಚಗಿರುತ್ತದೆ. ಹಾಗಾಗಿ ಬಿಸಿ ತಿಳಿಯುವುದಿಲ್ಲ, ಚಳಿ ಆಗುವುದಿಲ್ಲ ಅಷ್ಟೆ. ಯುರೋಪಿನ ಕಟ್ಟಡ ಮಾನದಂಡವೂ ಜನ ಓಡಾಡುವ ಕಡೆ ನೆಲದ ಮೈ 29 ಡಿಗ್ರಿ ದಾಟಬಾರದು ಎನ್ನುತ್ತದೆ. ಶಾಖ ಇದ್ದದ್ದೇ ಗೊತ್ತಾಗದಂತೆ ಅದು ತನ್ನ ಕೆಲಸ ಮಾಡಬೇಕು. ಇದನ್ನು ಕೇಳಿದರೆ ಕಾಕಾ ತಲೆಯಾಡಿಸುತ್ತಿದ್ದರು.

ಮರಗೆಲಸದ ಶಾಪಿಗೆ ಇಂಥ ನೆಲವನ್ನು ಮೀರಿಸುವಂಥದು ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ. ಬಿಸಿಗಾಳಿ ಊದುವ ಹೀಟರ್ ಇಟ್ಟರೆ ಹುಡಿಯೆಲ್ಲ ಗಾಳಿಗೇರಿ ಒದ್ದೆ ವಾರ್ನಿಷಿನ ಮೇಲೆ ಕೂರುತ್ತದೆ. ಬರಿಯ ಬೆಂಕಿ ಹತ್ತಿರವಿದ್ದರೆ ಹುಡಿ ಹೊತ್ತಿಕೊಳ್ಳುವ ಭಯ ಬೇರೆ. ರಾತ್ರಿ ಶಾಪು ತಣ್ಣಗೆ ಬಿಟ್ಟು ಬೆಳಿಗ್ಗೆ ದಢಕ್ಕನೆ ಕಾಯಿಸಿದರೆ ಗರಗಸದ ಎರಕದ ಮೇಜಿನ ಮೇಲೆ ಗಾಳಿಯ ತೇವ ಹನಿಗಟ್ಟಿ ತುಕ್ಕು ಹಿಡಿಯುತ್ತದೆ, ಅಂಟು ಸರಿಯಾಗಿ ಹಿಡಿಯುವುದಿಲ್ಲ. ಈ ನೆಲದಲ್ಲಿ ಹಗಲು ರಾತ್ರಿ ಒಂದೇ ಹದ. ಹಲಗೆ ಒಳಗೆ ತರಲು ದೊಡ್ಡ ಶಟರ್ ಎತ್ತಿದರೆ ಗಾಳಿಯೆಲ್ಲ ಹೊರಗೆ ಹೋಗುತ್ತದೆ ನಿಜ. ಬಾಗಿಲು ಮುಚ್ಚಿದ ಸ್ವಲ್ಪ ಹೊತ್ತಿಗೆ ನೆಲ ತಾನು ಕೂಡಿಟ್ಟ ಶಾಖದಿಂದ ಒಳಗಾಳಿಯನ್ನು ಮತ್ತೆ ಸರಿಮಾಡಿರುತ್ತದೆ. ಒಂದು ಎಚ್ಚರ ಮಾತ್ರ ಬೇಕು, ಯಂತ್ರ ಅಲುಗದ ಹಾಗೆ ನೆಲಕ್ಕೆ ಬೋಲ್ಟು ಹೊಡೆಯುವಾಗ ಒಳಗಿನ ಪೈಪಿಗೆ ತೂತು ಬೀಳಬಾರದು. ಅದಕ್ಕೇ ಕಾಂಕ್ರೀಟ್ ಸುರಿಯುವ ಮುಂಚೆ ತೆಗೆದ ಪೈಪಿನ ಫೋಟೋಗಳನ್ನು ನಾನು ಮನೆಯ ಪತ್ರಗಳ ಜೊತೆ ಇಟ್ಟಿದ್ದೇನೆ.

ಮ್ಯಾಡಿಸನ್ ಎಂಬ ಹೆಸರು ನಾನು ಮೊದಲು ಕಂಡದ್ದು ಆ ಕಾರ್ಖಾನೆಯಲ್ಲೇ. ಸೂಪರ್‌ವೈಸರ್ ಮೇಜಿನ ಸೆಳೆಖಾನೆಯಲ್ಲಿ ರಟ್ಟು ಹರಿದ ಇಂಗ್ಲಿಷ್ ಪುಸ್ತಕ ಒಂದಿತ್ತು. ಕಿಲ್ನ್ ನಡೆಸುವವರಿಗೆಂದು ಅಮೆರಿಕದ ಅರಣ್ಯ ಇಲಾಖೆಯ ಸಂಶೋಧನಾಲಯದಲ್ಲಿ ಸಿದ್ಧವಾಗಿ 1961ರಲ್ಲಿ ಹೊರಬಂದ ಕೈಪಿಡಿ ಅದು. ಆ ಸಂಶೋಧನಾಲಯ 1910ರಲ್ಲಿ ಶುರುವಾದದ್ದು, ಇರುವುದು ಇದೇ ಮ್ಯಾಡಿಸನ್ನಿನಲ್ಲಿ. ಯಾವ ಮರಕ್ಕೆ ಎಷ್ಟು ಶಾಖ, ಎಷ್ಟು ತೇವ, ಹಲಗೆಯ ನೀರು ಎಷ್ಟಕ್ಕೆ ಇಳಿದಾಗ ಏನು ಮಾಡಬೇಕು ಎಂಬ ಕೋಷ್ಟಕಗಳು ಅದರಲ್ಲಿದ್ದವು. ಮತ್ತಿ, ಹೊನ್ನೆ ಅದರಲ್ಲಿ ಎಲ್ಲಿ ಬರಬೇಕು? ನಮ್ಮ ಮರಗಳ ವಿಷಯಕ್ಕೆ ಬೆಂಗಳೂರಿನ ಮಲ್ಲೇಶ್ವರದ ಅರಣ್ಯ ಸಂಶೋಧನಾ ಪ್ರಯೋಗಾಲಯವಿತ್ತು, ಈಗಿನ ವುಡ್ ಸೈನ್ಸ್ ಸಂಸ್ಥೆ. ಡೆಹ್ರಾಡೂನಿನ ಅರಣ್ಯ ಸಂಶೋಧಕರು ಮಾಡಿದ ಕೆಲಸವೂ ಇತ್ತು. ಎಷ್ಟೋ ವರ್ಷದ ಮೇಲೆ ಉದ್ಯೋಗ ನನ್ನನ್ನು ಇದೇ ಊರಿಗೆ ತಂದಾಗ, ಮೊದಲ ವಾರವೇ ಆ ಸಂಶೋಧನಾಲಯದ ಎದುರು ಕಾರು ನಿಲ್ಲಿಸಿ ಕಟ್ಟಡ ನೋಡಿ ಬಂದೆ.

ನೆಲದ ಶಾಖಕ್ಕೂ ಈ ಊರಿಗೂ ಹಳೆಯ ನಂಟು. ವಾಸ್ತುಶಿಲ್ಪಿ ಫ್ರ್ಯಾಂಕ್ ಲಾಯ್ಡ್ ರೈಟ್ ಜಪಾನಿನಲ್ಲಿದ್ದಾಗ ಒಬ್ಬ ಶ್ರೀಮಂತರ ಮನೆಯಲ್ಲಿ ಕೊರಿಯಾದ ಕ್ರಮದ ಕೋಣೆಯೊಂದರಲ್ಲಿ ಕೂತಿದ್ದರಂತೆ. ಒಲೆಯ ಹೊಗೆ ನೆಲದಡಿಯ ಕಾಲುವೆಗಳಲ್ಲಿ ಹಾದು ಕೋಣೆ ಕಾಯಿಸುವ ಕ್ರಮ, ಕೊರಿಯನ್ನರು ಒಂಡೋಲ್ ಎನ್ನುತ್ತಾರೆ. ಅದು ರೈಟ್ ಅವರ ಮನಸ್ಸಿನಲ್ಲಿ ನಿಂತುಬಿಟ್ಟಿತು. 1937ರಲ್ಲಿ ಮ್ಯಾಡಿಸನ್ನಿನ ಪತ್ರಕರ್ತರೊಬ್ಬರ ಕುಟುಂಬಕ್ಕೆ 5,500 ಡಾಲರಿನಲ್ಲಿ ಕಟ್ಟಿಕೊಟ್ಟ ಸಣ್ಣ ಮನೆಯಲ್ಲಿ ನೆಲದಡಿಗೆ ಕಬ್ಬಿಣದ ಪೈಪು ಹಾಸಿ ಅದನ್ನೇ ಮಾಡಿದರು. ಜೇಕಬ್ಸ್ ಮನೆ ಎಂದು ಹೆಸರಾದ ಆ ಮನೆ 2019ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಎರಡನೇ ಮಹಾಯುದ್ಧದ ನಂತರ ನ್ಯೂಯಾರ್ಕಿನ ಲೆವಿಟೌನ್ ಬಡಾವಣೆಯ ಸಾವಿರಾರು ಮನೆಗಳ ನೆಲದಲ್ಲಿ ತಾಮ್ರದ ಪೈಪು ಹಾಕಿದರು. ವರ್ಷಗಳು ಕಳೆದಂತೆ ಅವು ತೂತುಬಿದ್ದು ಸೋರಿದವು, ಜನರಿಗೆ ಈ ವಿದ್ಯೆಯ ಮೇಲೆಯೇ ಬೇಸರ ಬಂತು. ಪೆಕ್ಸ್ ಪ್ಲಾಸ್ಟಿಕ್ ಬಂದ ಮೇಲೆ ಅದಕ್ಕೆ ಮರುಜೀವ. ಕಾಂಕ್ರೀಟಿನಲ್ಲಿ ಹೂತರೂ ಕೊಳೆಯದ, ಜೋಡಣೆಯೇ ಇಲ್ಲದೆ ಉದ್ದಕ್ಕೆ ಹಾಸಬಹುದಾದ ಪೈಪು.

ಇಷ್ಟು ಹೇಳಿ ಕಾಕಾನ ವಿಷಯ ಅಲ್ಲಿಗೇ ಬಿಡಬಹುದಿತ್ತು. ಇಷ್ಟು ವರ್ಷ ಬಿಟ್ಟದ್ದೂ ಹಾಗೆಯೇ. ಕಾಕಾ ಥರ್ಮಾಮೀಟರ್ ಇಲ್ಲದೆ ಕಿಲ್ನ್ ನಡೆಸುತ್ತಿದ್ದರು, ಬಾಗಿಲು ತೆರೆದಾಗ ಬರುವ ವಾಸನೆಯಿಂದ ಮರದ ಹದ ಹೇಳುತ್ತಿದ್ದರು, ಕಬ್ಬಿಣದ ಸಲಾಕೆಯ ಒಂದು ತುದಿ, ಹಬೆ ತಣಿದು ಆದ ನೀರನ್ನು ಹೊರಬಿಡುವ ಸ್ಟೀಮ್ ಟ್ರ್ಯಾಪಿಗೆ, ಇನ್ನೊಂದು ತುದಿ ಕಿವಿಗೆ ಹಚ್ಚಿ ಅದು ಕೆಟ್ಟಿದೆಯೋ ಇಲ್ಲವೋ ತಿಳಿಯುತ್ತಿದ್ದರು, ಹಿಂಗೈ ತಾಗಿಸಿ ಪೈಪಿನ ಶಾಖ ಅಳೆಯುತ್ತಿದ್ದರು. ಈ ಕತೆಯನ್ನು ನಾನು ಆಫೀಸಿನಲ್ಲಿ ಕಿರಿಯ ಎಂಜಿನಿಯರುಗಳಿಗೆ, ಕನ್ನಡ ಕೂಟದ ಊಟದಲ್ಲಿ, ನನ್ನ ಮಕ್ಕಳಿಗೆ ಹೇಳಿದ್ದೇನೆ. ಕೇಳಿದವರ ಕಣ್ಣು ಅರಳುತ್ತಿತ್ತು. ಕೈಯ ಜ್ಞಾನ ಅಂದರೆ ಇದು ಎನ್ನುತ್ತಿದ್ದರು. ಆ ಕತೆಯಲ್ಲಿ ಒಂದು ಮಾತೂ ಸುಳ್ಳಲ್ಲ. ಆದರೆ ಅದು ಅರ್ಧ ಕತೆ.

ಕಿಲ್ನ್‌ಗೆ ಎರಡು ಥರ್ಮಾಮೀಟರ್ ಇರಬೇಕು, ಒಂದು ಒಣದು, ಇನ್ನೊಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿದ್ದು. ಎರಡರ ನಡುವಿನ ಅಂತರದಿಂದ ಗಾಳಿಯ ತೇವ ತಿಳಿಯುತ್ತದೆ. ಅದಿಲ್ಲದೆ ಕಿಲ್ನ್ ನಡೆಸುವುದೆಂದರೆ ಕಣ್ಣು ಕಟ್ಟಿಕೊಂಡು ನಡೆದ ಹಾಗೆ. ನಮ್ಮ ಕಿಲ್ನ್‌ಗಳಲ್ಲಿ ಅವು ಒಡೆದು ಹೋಗಿದ್ದವು. ಹೊಸದು ತರಿಸಿ ಎಂದು ಕಾಕಾ ಕೇಳುತ್ತಲೇ ಇದ್ದರು, ನನ್ನೆದುರೇ ಕೇಳಿದ್ದಾರೆ. ತರಿಸಲಿಲ್ಲ. ಯಾಕೆ ತರಿಸಬೇಕು, ಕಾಕಾ ಇದ್ದಾರಲ್ಲ! ಅವರ ಮೂಗೂ ಕಿವಿಯೂ ಕೈಯೂ ಕಾರ್ಖಾನೆಗೆ ಪುಕ್ಕಟೆಯಾಗಿ ಸಿಕ್ಕ ಮೀಟರುಗಳಾಗಿದ್ದವು. ಶಿಫ್ಟಿನ ಲಾಗ್ ಬುಕ್ಕಿನಲ್ಲಿ ಮಾತ್ರ ಗಂಟೆಗಂಟೆಗೂ ಎರಡು ಥರ್ಮಾಮೀಟರಿನ ಅಂಕಿಗಳು ಅಚ್ಚುಕಟ್ಟಾಗಿ ತುಂಬಿರುತ್ತಿದ್ದವು.

ಸಂಜೆಯ ಚಹಾ ಬಂದಾಗಿನ ನೋಟ ಒಂದು ಕಣ್ಣಿಗೆ ಕಟ್ಟಿದೆ. ಒಲೆಯಿಂದ ಇಳಿಸಿದೊಡನೆ ಗಾಜಿನ ಲೋಟಕ್ಕೆ ಸುರಿದ ಚಹಾ. ನಾವು ಹುಡುಗರು ಅಂಗಿಯ ತುದಿಯಿಂದ ಲೋಟದ ಅಂಚು ಹಿಡಿದು, ಕೈ ಬದಲಿಸುತ್ತ ಊದುತ್ತಿದ್ದೆವು. ಕಾಕಾ ಲೋಟವನ್ನು ಅಂಗೈ ಮೇಲೆ ಕೂರಿಸಿ, ಐದೂ ಬೆರಳು ಮಡಚಿ, ಅಪ್ಪಿ ಹಿಡಿದು ಕುಡಿಯುತ್ತಿದ್ದರು. ಎಂಥ ಗಟ್ಟಿ ಮನುಷ್ಯ ಎಂದು ನಾವು ನೋಡುತ್ತಿದ್ದೆವು. ಆ ಅಂಗೈ ಹೇಗಿತ್ತೆಂದು ಈಗ ನೆನೆಸಿಕೊಂಡರೆ ಬೇರೆಯೇ ಕಾಣುತ್ತದೆ. ಸುಟ್ಟು ಮಾಗಿ, ಮತ್ತೆ ಸುಟ್ಟು, ರೇಖೆಗಳೇ ಅಳಿಸಿಹೋಗಿ ಹೊಳೆಯುವ ಚರ್ಮ. ಅಲ್ಲಿ ಬಿಸಿಯೂ ತಾಗುತ್ತಿರಲಿಲ್ಲ, ತಂಪೂ ತಾಗುತ್ತಿರಲಿಲ್ಲ. ಹಿಂಗೈ ಚರ್ಮ ಸೂಕ್ಷ್ಮ, ಶಾಖ ನೋಡಲು ಅದೇ ಸರಿ, ಅದು ನಿಜವಾದ ವಿದ್ಯೆಯೇ. ಆದರೆ ಕಾಕಾನಿಗೆ ಉಳಿದಿದ್ದದ್ದೂ ಹಿಂಗೈ ಒಂದೇ.

ಬಾಯ್ಲರ್ ಬಾಯಿಯ ಎದುರಿನ ನೆಲ ಕೆಂಡದ ಬೂದಿ ಬಿದ್ದು ಬಿದ್ದು ಕಾದಿರುತ್ತಿತ್ತು. ಕಾಕಾನ ಕಾಲಲ್ಲಿ ಬೂಟು ಕಂಡ ನೆನಪಿಲ್ಲ. ಗೋಣಿಚೀಲ ನೀರಲ್ಲಿ ಅದ್ದಿ ಹಾಸಿಕೊಂಡು ಅದರ ಮೇಲೆ ನಿಲ್ಲುತ್ತಿದ್ದರು. ಅದು ಒಣಗಿ ಬಿಸಿಯಾದೊಡನೆ ಮತ್ತೆ ಅದ್ದುವುದು. ಹೊಗೆಗೂ ಹೊಟ್ಟಿನ ಹುಡಿಗೂ ಕೆಮ್ಮು ಹತ್ತಿತ್ತು. ರಾತ್ರಿ ಪಾಳಿಯಲ್ಲಿ ಕಿಲ್ನ್ ಮೂಲೆಯಲ್ಲಿ ಮಲಗಿದ್ದ ನನಗೆ ಅವರು ಎಚ್ಚರವಿದ್ದಾರೆಂದು ಆ ಕೆಮ್ಮಿನಿಂದಲೇ ತಿಳಿಯುತ್ತಿತ್ತು.

ಇನ್ನೂ ಒಂದು. ಆಗಿದ್ದ 1923ರ ಬಾಯ್ಲರ್ ಕಾಯ್ದೆಯ ಪ್ರಕಾರ ಬಾಯ್ಲರ್ ನಡೆಸುವವನಿಗೆ ಅಟೆಂಡೆಂಟ್ ಪರೀಕ್ಷೆಯ ಸರ್ಟಿಫಿಕೇಟ್ ಇರಬೇಕಿತ್ತು. ನಮ್ಮ ಬಾಯ್ಲರ್ ಶೆಡ್ಡಿನ ಗೋಡೆಯ ಮೇಲೆ ಕಟ್ಟುಹಾಕಿದ ಸರ್ಟಿಫಿಕೇಟ್ ಇತ್ತು. ಅದರ ಮೇಲಿದ್ದ ಹೆಸರಿನವರನ್ನು ತಪಾಸಣೆಯ ದಿನ ಬಿಟ್ಟು ಬೇರೆ ದಿನ ನಾನು ಕಾಣಲಿಲ್ಲ. ಕಾಕಾನಿಗೆ ಓದು ಬರಹ ಬರುತ್ತಿರಲಿಲ್ಲ, ಮಸ್ಟರ್ ರೋಲಿನಲ್ಲಿ ಅವರು ಹೆಲ್ಪರ್. ಸಂಬಳವೂ ಹೆಲ್ಪರಿನದೇ. ನನ್ನಂಥ ಡಿಪ್ಲೊಮಾ ಹುಡುಗರಿಗೆ ಮೊದಲ ತಿಂಗಳೇ ಅವರಿಗಿಂತ ಹೆಚ್ಚು ಕೊಡುತ್ತಿದ್ದರು, ಅವರಿಂದ ಕೆಲಸ ಕಲಿಯುವುದಕ್ಕೆ.

ಮರದ ಮಾತನ್ನೂ ಆಡಬೇಕು. ಆ ಮತ್ತಿ, ಆ ಹೊನ್ನೆ ಯಾರೂ ನೆಟ್ಟದ್ದಲ್ಲ, ಘಟ್ಟದ ಕಾಡಿನಲ್ಲಿ ತಾನಾಗಿ ಬೆಳೆದದ್ದು. ದಿಮ್ಮಿಯ ಬುಡ ಇಬ್ಬರ ತೋಳಿಗೂ ಸಿಕ್ಕುತ್ತಿರಲಿಲ್ಲ. ಎಷ್ಟು ಹಲಗೆಯಾಯಿತೋ, ಅಷ್ಟೇ ತುಂಡೂ ಹೊಟ್ಟೂ ಬಾಯ್ಲರಿನ ಬಾಯಿಗೆ ಹೋಯಿತು. 1996ರ ಡಿಸೆಂಬರಿನಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಕಾಡಿನ ಮರ ಕಡಿಯುವುದಕ್ಕೆ ಕಡಿವಾಣ ಹಾಕುವ ಸುಪ್ರೀಂ ಕೋರ್ಟ್ ಆದೇಶ ಬಂದ ಮೇಲೆ ದೇಶದ ಎಲ್ಲ ಕಡೆ ಇಂಥ ಕಾರ್ಖಾನೆಗಳ ಮೇಲೆ ಬಿಗಿ ಬಂತು. ನಮ್ಮದೂ ಮುಚ್ಚಿತು ಎಂದು ಇಲ್ಲಿ ಸುದ್ದಿ ತಲುಪಿದಾಗ ಬೇಸರವಾಗಿತ್ತು, ನನ್ನ ಯೌವನದ ಜಾಗ ಎಂದು. ಇಂದು ಕೇಳಿದರೆ, ಅದು ಇನ್ನೂ ಮೊದಲೇ ಆಗಬೇಕಿತ್ತು ಎನ್ನುತ್ತೇನೆ. ಕಾಕಾ ಆ ಸುದ್ದಿ ಕೇಳಲು ಇರಲಿಲ್ಲ.

ಕೆಲವು ವರ್ಷದ ಹಿಂದೆ ಊರಿಗೆ ಹೋದಾಗ ಆ ಕಡೆಯಲ್ಲೇ ಒಂದು ಹೊಸ ಕಿಲ್ನ್ ನೋಡಲು ಹೋಗಿದ್ದೆ. ರಬ್ಬರ್ ಮರ, ಸಿಲ್ವರ್ ಓಕ್, ಅಕೇಶಿಯ ಒಣಗಿಸುತ್ತಾರೆ, ಎಲ್ಲ ತೋಟದಲ್ಲಿ ಬೆಳೆದ ಮರ. ನಡೆಸುವವನು ಇಪ್ಪತ್ತೈದರ ಹುಡುಗ. ಗೋಡೆಯ ಪೆಟ್ಟಿಗೆಯಲ್ಲಿ ಕಿಲ್ನ್‌ನ ಒಳಗಿನ ಶಾಖ, ತೇವ, ಹಲಗೆಯ ನೀರಿನ ಅಂಶ ಕೆಂಪು ಅಂಕಿಗಳಲ್ಲಿ ಕಾಣುತ್ತಿತ್ತು. ಕಾಲಿಗೆ ದಪ್ಪ ಬೂಟು. ಬಾಯ್ಲರ್ ಶೆಡ್ಡಿನ ಗೋಡೆಯ ಮೇಲೆ ಸರ್ಟಿಫಿಕೇಟ್ ಇತ್ತು, ನಾನು ಹತ್ತಿರ ಹೋಗಿ ಓದಿದೆ. ಹೆಸರೂ ಫೋಟೋನೂ ಅವನದೇ. ಮತ್ತಿ ಒಣಗಿಸಿದ್ದೀಯಾ ಎಂದು ಕೇಳಿದೆ. “ಇಲ್ಲ ಸಾರ್, ನಮ್ಗೆ ಅದೆಲ್ಲ ಬರಲ್ಲ ಈಗ. ಕಷ್ಟ ಅಂತೆ ಅದು?” ಎಂದ. ಹೌದು ಅಂದೆ. ಹೊರಡುವ ಮುನ್ನ ಅವನು ಪೆಟ್ಟಿಗೆಯ ಅಂಕಿ ನೋಡಿದವನು ಬಾಗಿಲ ಕಬ್ಬಿಣದ ಮೇಲೆ ಹಿಂಗೈಯನ್ನೂ ಒಮ್ಮೆ ಆನಿಸಿದ. ಅವನಿಗೆ ಯಾರು ಕಲಿಸಿದರೋ, ಕೇಳಲು ಆಗಲಿಲ್ಲ. ಅವನ ಅಂಗೈ ಮಾತ್ರ ಮೃದುವಾಗಿತ್ತು, ಕೈ ಕುಲುಕಿದಾಗ ಗೊತ್ತಾಯಿತು.

ಶಾಪಿನ ಬಡಗಣ ಮೂಲೆ ಈಗ ಉಳಿದ ಕಡೆಯಷ್ಟೇ ಬೆಚ್ಚಗಿದೆ. ಚಳಿಗಾಲದ ಒಣಗಾಳಿಗೆ ಮೇಪಲ್, ಓಕ್ ಹಲಗೆಗಳು ನೀರು ಕಳೆದುಕೊಂಡು ಶೇಕಡ 6ರ ಹತ್ತಿರ ಬರುತ್ತವೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಅದೇ ಹಲಗೆ ಅದರ ಎರಡರಷ್ಟಕ್ಕೂ ಮೇಲೆ ಹೀರಿಕೊಳ್ಳುತ್ತದೆ. ಅದಕ್ಕೇ ಇಲ್ಲಿ ಶಾಖ 16ಕ್ಕಿಂತ ಏರದ ಹಾಗೆ ನೋಡಿಕೊಂಡು, ಗಾಳಿಗೆ ಸ್ವಲ್ಪ ತೇವ ಕೊಡುತ್ತೇನೆ. ಮುಂದಿನ ಕೆಲಸ ಮಾರ್ಚ್ ತಿಂಗಳದು. ಆಗ ರಾತ್ರಿ ಸೊನ್ನೆಗಿಂತ ಕೆಳಗೆ, ಮಧ್ಯಾಹ್ನ 15ರವರೆಗೆ ಬಿಸಿಲು. ಬೆಳಗಿನ ಚಳಿಗೆಂದು ಕಾದ ನೆಲ ಮಧ್ಯಾಹ್ನವೂ ಶಾಖ ಬಿಡುತ್ತಲೇ ಇರುತ್ತದೆ, ಶಾಪು ಸೆಖೆಯಾಗುತ್ತದೆ. ಹೊರಗಿನ ಸೆನ್ಸರನ್ನು ಬಿಸಿಲು ಬೀಳದ ಗೋಡೆಗೆ ಸರಿಸಿ, ನೀರಿನ ಶಾಖವನ್ನು ಇನ್ನೊಂದೆರಡು ಡಿಗ್ರಿ ಇಳಿಸಿ ನೋಡಬೇಕು. ಇಳಿಸಿದ ಮೇಲೆ ಒಂದು ಇಡೀ ದಿನ ಬಿಡಬೇಕು.